ಬಿದ್ದ ಮರ, ಊಟದ ಮೇಜು

ಗೃಹಸ್ಥನಾದವನು ಕಟ್ಟಿಗೆಯ ಸಂಗವನ್ನು ಬಿಟ್ಟು ಬಾಳಲಾರನು. ಹೊಸ್ತಿಲು, ಬಾಗಿಲು, ತೊಟ್ಟಿಲು, ಮಣೆ, ಅಡ್ಡಣಿಗೆ, ವ್ಯಾಪಾರಿಯಾದರೆ ಅಂಗಡಿಯ ಗಲ್ಲೆಪೆಟ್ಟಿಗೆ, ಬಸದಿಗೆ ಹೋದರೆ ಶಾಸ್ತ್ರವನ್ನಿಡುವ ಪೀಠ, ಇವೆಲ್ಲ ಒಂದು ಕಾಲಕ್ಕೆ ನೆಲದಲ್ಲಿ ಬೇರೂರಿ ನಿಂತಿದ್ದ ಏಕೇಂದ್ರಿಯ ಜೀವಗಳ ಕಾಯವೇ ಆಗಿದ್ದವು. ಆದ್ದರಿಂದ ಕಟ್ಟಿಗೆಯನ್ನು ಬಳಸಬೇಕೋ ಬೇಡವೋ ಎಂಬುದು ಶ್ರಾವಕನ ಮುಂದಿರುವ ಪ್ರಶ್ನೆಯಲ್ಲ. ಎಲ್ಲಿಯದನ್ನು, ಎಷ್ಟನ್ನು, ಯಾವ ಯತ್ನಾಚಾರದಿಂದ ಎಂಬುದೇ ಪ್ರಶ್ನೆ. ನಮ್ಮ ಮನೆಯಲ್ಲಿ ಈಚೆಗೆ ಒಂದು ಊಟದ ಮೇಜು ಸಿದ್ಧವಾಯಿತು. ಅದರ ನಿಮಿತ್ತದಿಂದ ಈ ಮೂರು ಪ್ರಶ್ನೆಗಳನ್ನೂ ಸುಮಾರು ಮೂರು ವರ್ಷ ಎದುರಿಸಬೇಕಾಯಿತು. ಅದರ ವಿವರವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಈಗ ನಗರಗಳಲ್ಲಿ ಒಂದು ಬಗೆಯ ಮೇಜಿಗೆ ಬಹಳ ಬೇಡಿಕೆಯಿದೆ. ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಬಂದ ಅಗಲವಾದ ಹಲಗೆಯ ಅಂಚನ್ನು ನೇರಗೊಳಿಸದೆ, ಮರವು ಬೆಳೆದ ಡೊಂಕನ್ನು ಹಾಗೆಯೇ ಉಳಿಸಿಕೊಂಡು ಮಾಡುವ ಮೇಜು ಅದು. ಗಂಟು, ಬಿರುಕು, ಕೊಂಬೆ ಒಡೆದ ಗುರುತು ಎಲ್ಲವೂ ಕಾಣುತ್ತಿರುತ್ತವೆ. ಇಂಥದ್ದಕ್ಕೆ 'ಲೈವ್ ಎಡ್ಜ್' ಎಂದು ಹೆಸರಿಟ್ಟಿದ್ದಾರೆ, ಜೀವಂತ ಅಂಚು ಎಂದು ಅರ್ಥ. ಹೆಸರು ಕೇಳಿದಾಗ ನನಗೆ ನಗು ಬಂತು. ಗರಗಸಕ್ಕೆ ಸಿಕ್ಕು, ಒಣಗಿ, ಎಣ್ಣೆ ಹಚ್ಚಿಸಿಕೊಂಡ ಮೇಲೆ ಅದು ನಮ್ಮ ಪರಿಭಾಷೆಯಲ್ಲಿ ಪೂರ್ಣ ಅಚಿತ್ತ. ಜೀವ ಹೋದ ಮೇಲೆ ಜೀವಂತವೆಂದು ಕರೆಯುವುದು ವ್ಯಾಪಾರದ ಚಮತ್ಕಾರ. ನಾನೂ ವ್ಯಾಪಾರಿಯೇ ಆದ್ದರಿಂದ ಆ ಚಮತ್ಕಾರವನ್ನು ಬಲ್ಲೆ.

ಆದರೆ ಈ ಪದ್ಧತಿಯ ಮೂಲ ಅಂಗಡಿಯಲ್ಲಿಲ್ಲ. ಈ ಬಗೆಯ ಮೇಜಿಗೆ ಇಂದಿನ ಕೀರ್ತಿ ತಂದವರು ಜಾರ್ಜ್ ನಕಾಶಿಮಾ ಎಂಬ ಜಪಾನೀ ಮೂಲದ ಅಮೆರಿಕನ್ನರು. 1905ರಲ್ಲಿ ಹುಟ್ಟಿ, ವಾಸ್ತುಶಿಲ್ಪವನ್ನು ಅಭ್ಯಾಸಮಾಡಿ, 1930ರ ದಶಕದ ಕೊನೆಯಲ್ಲಿ ನಮ್ಮ ಪುದುಚೇರಿಗೆ ಬಂದು, ಶ್ರೀ ಅರವಿಂದಾಶ್ರಮದ ಗೋಲ್ಕೊಂಡ ಎಂಬ ವಸತಿಗೃಹದ ನಿರ್ಮಾಣದಲ್ಲಿ ದುಡಿದವರು. ಆಶ್ರಮದಲ್ಲಿ ಅವರಿಗೆ ಸುಂದರಾನಂದ ಎಂಬ ಹೆಸರಾಯಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ, 1942ರಲ್ಲಿ, ಜಪಾನೀಯರೆಂಬ ಕಾರಣಕ್ಕಾಗಿಯೇ ಅಮೆರಿಕೆಯ ಸರಕಾರ ಅವರನ್ನು ಸಂಸಾರಸಮೇತ ಶಿಬಿರದಲ್ಲಿರಿಸಿತು. ಅಲ್ಲಿ ಒಬ್ಬ ಜಪಾನೀ ಬಡಗಿಯಿಂದ ಕೈಕೆಲಸದ ಸೂಕ್ಷ್ಮಗಳನ್ನು ಕಲಿತರು. ಬಿಡುಗಡೆಯಾದ ಮೇಲೆ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿ, ಬೇರೆಯವರು ದೋಷವೆಂದು ಎಸೆಯುವ ಬಿರುಕು ಬಿಟ್ಟ ಹಲಗೆಗಳನ್ನು ಆರಿಸಿ ಮೇಜು ಮಾಡತೊಡಗಿದರು. ಮರಕ್ಕೆ ಎರಡನೆಯ ಬಾಳನ್ನು ಕೊಡುವುದು ಬಡಗಿಯ ಕರ್ತವ್ಯವೆಂಬುದು ಅವರ ನಂಬಿಕೆಯಾಗಿತ್ತು. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಅಲ್ಲಿಗಾಗಿ ಪೀಠೋಪಕರಣಗಳನ್ನು ರೂಪಿಸಿದರು. ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಸಾರಾಭಾಯಿ ಮನೆತನದ ಗೌತಮ ಮತ್ತು ಗೀರಾ ಪ್ರಮುಖರು. ಅದು ಜೈನ ಮನೆತನವೆಂಬುದನ್ನು ಇಲ್ಲಿ ಹೇಳಬೇಕಾದ ಅಗತ್ಯವಿಲ್ಲ. ನಕಾಶಿಮಾ 1990ರಲ್ಲಿ ತೀರಿಕೊಂಡರು. ಅವರ ಮೇಜನ್ನು ಕಣ್ಣಾರೆ ಕಾಣುವ ಯೋಗ ನನಗೆ ಬಂದಿಲ್ಲ. ಚಿತ್ರಗಳನ್ನು ನೋಡಿದ್ದೇನೆ. ಆಡಂಬರವಿಲ್ಲದ ಕೆಲಸ. ಈಗಿನ ಅಂಗಡಿಗಳಲ್ಲಿ ಬಿರುಕಿನೊಳಗೆ ನೀಲಿ ರಾಳ ಸುರಿದು ನದಿ ಹರಿದಂತೆ ತೋರಿಸುವ ಮೇಜುಗಳನ್ನು ಕಂಡರೆ ಅವರು ಏನೆನ್ನುತ್ತಿದ್ದರೋ.

ನಮ್ಮ ಮನೆಯ ಮಾತಿಗೆ ಬರುತ್ತೇನೆ. ನನ್ನ ಮನೆಯವರಿಗೆ ಮೊಣಕಾಲು ನೋವು ಬಲವಾಗಿ, ನೆಲದ ಮೇಲೆ ಮಣೆ ಹಾಕಿ ಕೂಡುವುದು ಸಾಧ್ಯವಾಗದಾಯಿತು. ಅಡ್ಡಣಿಗೆಯ ಮೇಲೆ ತಾಟನ್ನಿಟ್ಟು ಉಣ್ಣುವ ನಾಲ್ಕು ತಲೆಮಾರಿನ ರೂಢಿಯನ್ನು ಬಿಡಬೇಕಾಗಿ ಬಂದಾಗ, ಬೆಂಗಳೂರಿನಲ್ಲಿರುವ ಮಗ ಮೇಜಿನ ಮಾತನ್ನೆತ್ತಿದನು. ಅಲ್ಲಿಯ ಒಂದು ಅಂಗಡಿಯಲ್ಲಿ ಒಂದೇ ಹಲಗೆಯ ಮೇಜಿಗೆ ಎರಡು ಲಕ್ಷಕ್ಕೂ ಮೀರಿ ಹೇಳಿದರಂತೆ. ಹಣದ ಮಾತು ಹಾಗಿರಲಿ, ಇದು ಎಲ್ಲಿಯ ಮರ, ಬಿದ್ದದ್ದೋ ಕಡಿದದ್ದೋ ಎಂದು ಕೇಳಿದರೆ ಅಂಗಡಿಯವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಮೂಲದ ಸರಕನ್ನು ನಾನು ಅಂಗಡಿಯಲ್ಲಿಯೂ ಇಟ್ಟವನಲ್ಲ.

ಆಗ ಮಗನಿಗೆ ಹಾನಗಲ್ಲಿನ ಬಳಿಯ ನಮ್ಮ ಮಾವಿನ ತೋಟ ನೆನಪಾಯಿತು. ಹಾನಗಲ್ಲ ಸೀಮೆಯಲ್ಲಿ ಆಪೂಸಿನ ತೋಟಗಳು ಹೆಚ್ಚು. ನಮ್ಮದರ ಬದುವಿನಲ್ಲಿ ಮಾತ್ರ ನಾಟಿ ಜಾತಿಯ ಹಳೆಯ ಮರಗಳಿವೆ, ನನ್ನ ಅಜ್ಜನ ಕಾಲದವು. ಅವುಗಳಲ್ಲಿ ಒಂದು ಮರ ವರ್ಷ ಬಿಟ್ಟು ವರ್ಷ ಕಾಯಿ ಬಿಡುತ್ತದೆ, ಬಿಟ್ಟ ವರ್ಷವೂ ಅಷ್ಟಕ್ಕಷ್ಟೆ. "ಅಪ್ಪಾ, ಅದರಿಂದ ಬರೋ ಉತ್ಪನ್ನ ಎಷ್ಟು? ಅದನ್ನ ತೆಗಿಸಿದ್ರ ಮೇಜೂ ಆಗತೈತಿ, ಆ ಜಾಗದಾಗ ನಾಲ್ಕು ಕಸಿ ಗಿಡಾನೂ ಬರತಾವ" ಎಂದನು. ಲೆಕ್ಕ ಸರಿಯಾಗಿಯೇ ಇತ್ತು. ಬಿ.ಕಾಂ. ಓದಿದ ನನಗೆ ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಆದರೂ ಒಪ್ಪಲಿಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ, ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಸಸ್ಯವನ್ನು ಕತ್ತರಿಸುವುದು ಇವನ್ನು ಪ್ರಮಾದಚರ್ಯೆಯೆಂಬ ಬಗೆಯಲ್ಲಿ ಸೇರಿಸಿದ್ದಾರೆ. ಮಗ ಇದನ್ನು ಪಾಠಶಾಲೆಯಲ್ಲಿ ಓದಿದವನೇ. "ಪ್ರಯೋಜನ ಐತೆಲ್ಲಪ್ಪಾ, ಅವ್ವನ ಮೊಣಕಾಲು" ಎಂದು ವಾದಿಸಿದನು. ಅವ್ವನ ಮೊಣಕಾಲಿಗೆ ಬೇಕಾದದ್ದು ಎತ್ತರದ ಮೇಜು. ಒಂದೇ ಹಲಗೆಯ, ಡೊಂಕಂಚಿನ ಮೇಜೇ ಆಗಬೇಕೆಂದು ಮೊಣಕಾಲು ಕೇಳುವುದಿಲ್ಲ. ಪ್ರಯೋಜನಕ್ಕೂ ಅಭಿಲಾಷೆಗೂ ಇರುವ ಗೆರೆಯನ್ನು ಅಲ್ಲಿ ಎಳೆಯಬೇಕಾಗಿತ್ತು, ಎಳೆದೆ. ಎರಡು ಮೂರು ತಿಂಗಳು ತಂದೆ ಮಗನ ನಡುವೆ ಮಾತು ಬಿಗಿಯಾಗಿತ್ತು ಎಂಬುದನ್ನು ಮುಚ್ಚಿಡಲಾರೆ. ಆ ಅವಧಿಯಲ್ಲಿ ನಮ್ಮ ಮನೆಯವರು ಒಂದು ಸ್ಟೂಲಿನ ಮೇಲೆ ತಾಟನ್ನಿಟ್ಟುಕೊಂಡು, ಯಾರ ಪಕ್ಷವನ್ನೂ ವಹಿಸದೆ ಉಂಡರು.

ಷಡ್ಲೇಶ್ಯೆಗಳ ದೃಷ್ಟಾಂತ ಎಲ್ಲರಿಗೂ ತಿಳಿದದ್ದು. ಗೊಮ್ಮಟಸಾರದ ಜೀವಕಾಂಡದಲ್ಲಿಯೂ ಅದು ಬರುತ್ತದೆ, ಶ್ರವಣಬೆಳಗೊಳದ ಮಠದ ಗೋಡೆಯ ಮೇಲೂ ಬಣ್ಣದಲ್ಲಿದೆ. ಹಸಿದ ಆರು ಜನ ಹಣ್ಣು ತುಂಬಿದ ಮರವನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನು ಬೇರುಸಹಿತ ಕಡಿಯೋಣವೆನ್ನುತ್ತಾನೆ, ನೀಲಲೇಶ್ಯೆಯವನು ಬೊಡ್ಡೆಯನ್ನು, ಕಾಪೋತದವನು ಕೊಂಬೆಯನ್ನು, ಪೀತದವನು ರೆಂಬೆಯನ್ನು, ಪದ್ಮದವನು ಹಣ್ಣನ್ನು ಮಾತ್ರ ಕೀಳೋಣವೆನ್ನುತ್ತಾನೆ. ಶುಕ್ಲಲೇಶ್ಯೆಯವನು ನೆಲಕ್ಕೆ ಬಿದ್ದ ಹಣ್ಣೇ ಸಾಕೆನ್ನುತ್ತಾನೆ. ಹಣ್ಣಿನ ವಿಷಯಕ್ಕೆ ಈ ಕಥೆ ಸರಳ. ಬೇಕಾದದ್ದು ಬೊಡ್ಡೆಯೇ ಆದಾಗ ಶುಕ್ಲಲೇಶ್ಯೆಯವನು ಏನು ಮಾಡಬೇಕು? ಬಿದ್ದ ಬೊಡ್ಡೆಗಾಗಿ ಕಾಯಬೇಕು, ಬೀಳದಿದ್ದರೆ ಮೇಜಿಲ್ಲದೆ ಇರಬೇಕು. ಹೀಗೆಂದು ಮಗನಿಗೆ ಹೇಳಿದೆ. ಹಾಗಾದರೆ ಮೇಜು ಮೊಮ್ಮಕ್ಕಳ ಕಾಲಕ್ಕೆ ಬರುವುದೆಂದು ಅವನು ನಕ್ಕನು.

ಆದರೆ 2022ರ ಭರಣಿ ಮಳೆಯ ಗಾಳಿಗೆ ಅದೇ ಬದುವಿನ ಇನ್ನೊಂದು ಮರ ಉರುಳಿತು. ಅದು ಚೆನ್ನಾಗಿ ಕಾಯಿ ಬಿಡುತ್ತಿದ್ದ ಮರ. ಆ ವರ್ಷವೂ ಕಾಯಿಯ ಭಾರ ಹೊತ್ತು ನಿಂತಿತ್ತು, ಬುಡ ಒಳಗೇ ಟೊಳ್ಳಾಗಿದ್ದುದು ಹೊರಗೆ ಕಾಣುತ್ತಿರಲಿಲ್ಲ. ಫೋನಿನಲ್ಲಿ ಸುದ್ದಿ ತಿಳಿಸಿದಾಗ ಮಗನ ಬಾಯಿಂದ ಮೊದಲು ಬಂದ ಮಾತು "ಭಾಳ ಚಲೋ ಆತು" ಎಂಬುದು. ಕೃತ, ಕಾರಿತ, ಅನುಮೋದನ ಎಂದು ನಾನು ಎರಡೇ ಪದ ಹೇಳುವಷ್ಟರಲ್ಲಿ ಅವನೇ ಮೂರನೆಯದನ್ನು ಹೇಳಿ ಸುಮ್ಮನಾದನು. ಮರವನ್ನು ಕಡಿಯದೆಯೂ, ಕಡಿಸದೆಯೂ, ಬಿದ್ದುದಕ್ಕೆ ಹಿಗ್ಗುವುದರಿಂದ ಕರ್ಮಬಂಧವಾಗುವುದೆಂಬುದು ನಮ್ಮ ಧರ್ಮದ ವಿಶೇಷ. ವಸ್ತು ಒಂದೇ, ಫಲವೂ ಒಂದೇ. ಪರಿಣಾಮಗಳಲ್ಲಿ ಮಾತ್ರ ಭೇದ.

ಕಾಯಿಗಳನ್ನು ಊರವರು ಒಯ್ದರು. ನಿಜವಾದ ತೊಡಕು ಆಮೇಲೆ ಹುಟ್ಟಿತು.

ಬಿದ್ದ ಮರ ಸತ್ತ ಮರವಲ್ಲ. ಒಂದು ಪಕ್ಕದ ಬೇರು ಇನ್ನೂ ನೆಲದಲ್ಲಿತ್ತು, ಎಲೆ ಹಸಿರಾಗಿತ್ತು. ಅದು ಸಚಿತ್ತ. ಎಲೆ ಒಣಗಿ ಉದುರುವವರೆಗೆ ಮುಟ್ಟಬಾರದೆಂಬುದು ನನ್ನ ಮೊದಲಿನ ವಿಚಾರವಾಗಿತ್ತು. ಹಿರೇಕೆರೂರು ಕಡೆಯ ಬಡಿಗೇರರೊಬ್ಬರು ನಮ್ಮ ಮನೆಗೆ ಎರಡು ತಲೆಮಾರಿನಿಂದ ಪರಿಚಿತರು. ಅವರನ್ನು ಕರೆಸಿದಾಗ ಅವರು ಬೊಡ್ಡೆಯನ್ನು ತಟ್ಟಿ ನೋಡಿ, "ಸಾವುಕಾರ್ರ, ಇದು ಸಾಗವಾನಿ ಅಲ್ರಿ, ಮಾವು. ಮಳಿ ಹತ್ತೂದರೊಳಗ ಸೀಳಿಸಿ ತೊಗಟಿ ತಗಿಲಿಲ್ಲಂದ್ರ ಹುಳಾ ಮನಿ ಮಾಡತಾವ" ಎಂದರು. ಮಾವಿನ ಕಟ್ಟಿಗೆಯಲ್ಲಿ ಹಿಟ್ಟಿನ ಅಂಶ ಹೆಚ್ಚು. ತೇವವಿದ್ದಾಗ ಬೂಷ್ಟು ಹಿಡಿದು ನೀಲಿಗಪ್ಪು ಬಣ್ಣಕ್ಕೆ ತಿರುಗುತ್ತದೆ, ತೊಗಟೆಯ ಸಂದಿಯಲ್ಲಿ ದುಂಬಿಗಳು ಮೊಟ್ಟೆಯಿಡುತ್ತವೆ, ಮರಿಗಳು ಒಳಗೆ ಕೊರೆಯುತ್ತ ಹೋಗುತ್ತವೆ. ನಾವು ಕುಟ್ಟೆ ಎನ್ನುವುದು ಇದನ್ನೇ. ಹಲಸು, ಸಾಗವಾನಿಗಳ ಕೆಚ್ಚಿಗೆ ಇಂಥ ಭಯ ಕಡಿಮೆ. ಮಾವಿಗೆ ಕೆಚ್ಚಿನ ರಕ್ಷಣೆ ಅಷ್ಟಾಗಿ ಇಲ್ಲ.

ಈಗ ನೋಡಿರಿ. ಎಲೆ ಒಣಗುವವರೆಗೆ ಕಾದರೆ ಸ್ಥಾವರಜೀವದ ವಿಷಯದಲ್ಲಿ ದಯೆ ತೋರಿದಂತಾಯಿತು. ಆ ಕಾಯುವಿಕೆಯಲ್ಲಿಯೇ ಎರಡು, ಮೂರು, ನಾಲ್ಕು ಇಂದ್ರಿಯಗಳ ಅಸಂಖ್ಯ ತ್ರಸಜೀವಗಳು ಬೊಡ್ಡೆಯಲ್ಲಿ ನೆಲೆಸುತ್ತವೆ, ಆಮೇಲೆ ಗರಗಸ ಅವುಗಳ ಮೇಲೆಯೇ ಹಾಯುತ್ತದೆ. ಕಾಯದೆ ಸೀಳಿಸಿದರೆ ಹಸಿಮರದ ಮೇಲೆ ಗರಗಸವಿಟ್ಟಂತೆ. ಮೂರನೆಯ ದಾರಿಯೂ ಇತ್ತು. ಮರವನ್ನು ಮುಟ್ಟದೆ ಬಿಟ್ಟು, ಮಣ್ಣಾಗಲು ಬಿಡುವುದು. ಮಣ್ಣಾಗುವುದೂ ಹುಳುಗಳ ಮುಖಾಂತರವೇ. ಆದರೆ ಅದರಲ್ಲಿ ನನ್ನ ಕೈ ಇರುತ್ತಿರಲಿಲ್ಲ. ಈ ಮೂರನೆಯ ದಾರಿಯೇ ಶ್ರೇಷ್ಠವೆಂದು ನನ್ನೊಬ್ಬ ಮಿತ್ರರು ಈಗಲೂ ವಾದಿಸುತ್ತಾರೆ. ತ್ಯಾಗದ ದೃಷ್ಟಿಯಿಂದ ಅವರ ಮಾತು ದೊಡ್ಡದು. ಆದರೆ ನಾವು ಈ ಮರವನ್ನು ಬಿಟ್ಟೆವೆಂದ ಮಾತ್ರಕ್ಕೆ ಮೇಜನ್ನೇ ಬಿಟ್ಟಂತಾಗುತ್ತಿರಲಿಲ್ಲ. ಎಲ್ಲಿಂದಲೋ ಬಂದ ಕಡಿದ ಮರದ ಮೇಜು ಮನೆ ಸೇರುತ್ತಿತ್ತು.

ಆ ವೇಳೆಗೆ ತ್ಯಾಗಿಗಳನ್ನು ಕೇಳಬಹುದಾಗಿತ್ತಲ್ಲ ಎಂದು ಕೆಲವರು ಅಂದರು. ಆರಂಭದಿಂದ ನಿವೃತ್ತರಾದ ಮುನಿಗಳ ಬಾಯಿಂದ ಬೊಡ್ಡೆ ಸೀಳುವ ಮುಹೂರ್ತವನ್ನು ಹೇಳಿಸುವುದು ನಾವು ಅವರಿಗೆ ಮಾಡುವ ಅಪಚಾರ. ಗೃಹಸ್ಥನ ಆರಂಭವನ್ನು ಗೃಹಸ್ಥನೇ ಲೆಕ್ಕಹಾಕಬೇಕು. ಸ್ಥೂಲ ಅಹಿಂಸಾಣುವ್ರತದಲ್ಲಿ ಶ್ರಾವಕನು ಮೊದಲು ಬಿಡಬೇಕಾದದ್ದು ತ್ರಸಹಿಂಸೆಯನ್ನು, ಸ್ಥಾವರದ ವಿಷಯದಲ್ಲಿ ಮಿತಿಯನ್ನು ಕಾಯಬೇಕು. ಈ ಕ್ರಮವನ್ನು ಹಿಡಿದು ನಾನು ನಿರ್ಧಾರ ಮಾಡಿದೆ. ಉಳಿದ ಒಂದು ಬೇರಿನಿಂದ ಮರ ಮತ್ತೆ ನಿಲ್ಲುವ ಸಾಧ್ಯತೆ ಇದೆಯೇ ಎಂದು ತೋಟದ ಕೆಲಸ ಬಲ್ಲ ಇಬ್ಬರನ್ನು ಕರೆದು ತೋರಿಸಿದೆ. ಬುಡವೇ ಟೊಳ್ಳಾಗಿ ಸೀಳಿದ್ದರಿಂದ ಇಲ್ಲವೆಂದರು. ಎಂಟನೆಯ ದಿನ ಬೊಡ್ಡೆಯನ್ನು ಬೇರ್ಪಡಿಸಿದೆವು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಗಾಳಿಗೆ ಬಿದ್ದ ಮರವನ್ನು ನಿಂತ ಮರದಂತೆ ಕಾಣುವುದಿಲ್ಲ. ಆದರೂ ದಿಮ್ಮಿಯನ್ನು ರಸ್ತೆಗೆ ಇಳಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಕಾಗದಪತ್ರ ಮಾಡಿಸಿಕೊಳ್ಳುವುದು ಕ್ಷೇಮ. ಅಚೌರ್ಯವೂ ಒಂದು ವ್ರತವೇ.

ಬೊಡ್ಡೆಯ ಸುತ್ತಳತೆ ಎಂಟು ಅಡಿ, ಅಂದರೆ ವ್ಯಾಸ ಸುಮಾರು ಮೂವತ್ತು ಅಂಗುಲ. ಕವಲೊಡೆಯುವವರೆಗಿನ ಉದ್ದದಲ್ಲಿ ಟೊಳ್ಳು ಭಾಗವನ್ನು ಬಿಟ್ಟರೆ ಎಂಟು ಅಡಿಗೆ ಸ್ವಲ್ಪ ಕಡಿಮೆ ಉಳಿಯಿತು. ಟನ್ನಿಗೂ ಮೀರಿದ ಭಾರ. ಟ್ರ್ಯಾಕ್ಟರಿಗೆ ಸರಪಳಿಯಿಂದ ಹೇರಿ ಶಿಗ್ಗಾಂವಿಯ ಕಟ್ಟಿಗೆ ಅಡ್ಡೆಗೆ ಒಯ್ದೆವು. ಎರಡೂವರೆ ಅಂಗುಲ ದಪ್ಪದ ಹಲಗೆಗಳಾಗಿ ಸೀಳಿಸಿದೆವು. ದಿಮ್ಮಿಯ ನಟ್ಟನಡುವಿನ ಹಲಗೆಯೇ ಎಲ್ಲಕ್ಕಿಂತ ಅಗಲವಾದದ್ದು, ನೋಡಿದರೆ ಆಸೆ ಹುಟ್ಟಿಸುವಂಥದ್ದು. ಅದರ ಮೈಯಲ್ಲಿ ಮರದ ತಿರುಳು ಹಾಯ್ದಿರುತ್ತದೆ. ಒಣಗುವಾಗ ಅಲ್ಲಿಂದಲೇ ಸೀಳು ಬಿಡುತ್ತದೆ. ಬಡಿಗೇರರು ಅದನ್ನು ಒಪ್ಪದೆ, ಪಕ್ಕದ ಎರಡು ಹಲಗೆಗಳನ್ನು ಆರಿಸಿದರು. ಅಕ್ಕಪಕ್ಕ ಸೀಳಿದ ಎರಡು ಹಲಗೆಗಳನ್ನು ಪುಸ್ತಕ ಬಿಚ್ಚಿದಂತೆ ಬಿಚ್ಚಿಟ್ಟರೆ ಎಡದ ಗೆರೆಗಳೇ ಬಲದಲ್ಲಿಯೂ ಕಾಣುತ್ತವೆ. ನಡುವಿನ ಕಡೆ ನೇರವಾಗಿ ಕೂಡಿಸಿ, ಹೊರಗಿನ ಎರಡು ಕಡೆ ಮರದ ಡೊಂಕನ್ನು ಉಳಿಸಬಹುದು. ಒಂದೇ ಹಲಗೆ ಬೇಕೆಂದು ಮಗ ಸ್ವಲ್ಪ ಬೇಸರಪಟ್ಟನು. ಒಂದೇ ಹಲಗೆಯ ಹಟವಿದ್ದರೆ ಇನ್ನೂ ದೊಡ್ಡ ಮರ ಬೇಕು. ಈ ಮೇಜುಗಳ ಹುಚ್ಚು ಹೆಚ್ಚಿದಷ್ಟೂ ದೊಡ್ಡ, ಹಳೆಯ ಮರಗಳಿಗೇ ಕುತ್ತು ಎಂಬುದನ್ನು ಮಾರುವವರು ಹೇಳುವುದಿಲ್ಲ.

ತೊಗಟೆಯ ವಿಷಯದಲ್ಲಿ ದೊಡ್ಡ ಚರ್ಚೆಯಾಯಿತು. ಚಿತ್ರಗಳಲ್ಲಿ ತೊಗಟೆಸಹಿತವಾದ ಮೇಜುಗಳನ್ನು ನೋಡಿದ ಮಗನಿಗೆ ತೊಗಟೆ ಬೇಕಾಗಿತ್ತು. "ತೊಗಟಿ ಬಿಟ್ರ ಹುಳಕ್ಕ ನಾವ ಮನಿ ಕಟ್ಟಿ ಕೊಟ್ಟಂಗ ಆಗತೈತ್ರಿ ಸಣ್ಣ ಸಾವುಕಾರ್ರ" ಎಂದು ಬಡಿಗೇರರು ಒಂದೇ ಮಾತಿನಲ್ಲಿ ಮುಗಿಸಿದರು. ಒಣಗಿದ ಮೇಲೆ ತೊಗಟೆ ಹೇಗೂ ಸಡಿಲಾಗಿ ಉದುರುತ್ತದೆ, ಮಳೆಗಾಲದಲ್ಲಿ ಕಡಿದ ಹಸಿ ಮರದಲ್ಲಂತೂ ಅದು ನಿಲ್ಲುವುದೇ ಇಲ್ಲ. ನನಗೆ ಇನ್ನೊಂದು ಕಾರಣವೂ ಇತ್ತು. ಉಣ್ಣುವ ಮೇಜಿನ ಅಂಚಿನಲ್ಲಿ ಸಂದುಗೊಂದುಗಳಿದ್ದರೆ ಅನ್ನದ ಅಗುಳು, ಬೆಲ್ಲದ ಪುಡಿ ಸೇರಿ ಇರುವೆ ಬರುತ್ತದೆ. ಬಂದ ಇರುವೆಯನ್ನು ಒರೆಸುವ ಬಟ್ಟೆ ನೋಡುವುದಿಲ್ಲ. ಸೀಳಿಸಿದ ವಾರದಲ್ಲಿಯೇ ಅಗಲ ಉಳಿಯಿಂದ ತೊಗಟೆಯನ್ನೂ ಅದರ ಕೆಳಗಿನ ನಾರು ಪದರವನ್ನೂ ತೆಗೆಸಿದೆವು. ಮಾವಿನ ಸೊನೆಗೆ ಬಡಿಗೇರರ ಮಗನ ಕೈಯೆಲ್ಲ ತುರಿಕೆ ಎದ್ದಿತು. ಮರವು ಬೆಳೆದ ರೂಪ ಮಾತ್ರ ಅಂಚಿನಲ್ಲಿ ಉಳಿಯಿತು. ಮುಂದೆ ಅದನ್ನು ಬೆರಳು ಹಾಯಿಸಿದರೆ ಎಲ್ಲಿಯೂ ತಡೆಯದಂತೆ ನಯಗೊಳಿಸಿದರು.

ಹುಳು ಬಾರದಂತೆ ಟಂಕಣಖಾರ ಮತ್ತು ಬೋರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ಹಸಿ ಹಲಗೆಗೆ ಬಳಿಯುವ ಕ್ರಮವಿದೆ. ಔಷಧಿ ಹೊಡೆಸುವುದು ನಮಗೆ ಸಲ್ಲುವುದೇ ಎಂದು ಮನೆಯವರು ಕೇಳಿದರು. ಅಡಿಗೆಮನೆಯ ಉದಾಹರಣೆಯಿಂದಲೇ ಉತ್ತರ ಹೇಳಿದೆ. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ಎಂದು ನಾವು ಪಾಲಿಸುತ್ತೇವೆ. ಹುಟ್ಟಿದ ಹುಳುವನ್ನು ಕೊಲ್ಲುವ ಪ್ರಸಂಗವೇ ಬಾರದಿರಲೆಂದು, ಹುಟ್ಟಲು ಆಸ್ಪದ ಕೊಡದಿರುವ ಕ್ರಮ ಅದು. ಹುಳು ಬಿದ್ದ ಹಲಗೆಗೆ ವಿಷ ಹಾಕುವುದು ಒಂದು, ಹುಳು ಬರುವ ಮೊದಲೇ ಹಲಗೆಯನ್ನು ಅದಕ್ಕೆ ಸಲ್ಲದಂತೆ ಮಾಡುವುದು ಇನ್ನೊಂದು. ಆದ್ದರಿಂದ ಸೀಳಿಸಿದ ಮೂರು ದಿನಗಳೊಳಗೆ ಒಂದೊಂದೇ ಹಲಗೆಯನ್ನು ಬೆಳಕಿಗೆ ಹಿಡಿದು ತೂತುಗಳಿಲ್ಲವೆಂದು ನೋಡಿ ಬಳಿದೆವು. ಎರಡು ಹಲಗೆಗಳಲ್ಲಿ ತೂತು ಕಂಡವು. ಅವನ್ನು ಬಳಿಯದೆ ತೋಟದ ಮೂಲೆಯಲ್ಲಿ ಒಯ್ದಿಟ್ಟೆವು. ಅವು ಈಗಲೂ ಅಲ್ಲಿಯೇ ಇವೆ, ಅರ್ಧ ಮಣ್ಣಾಗಿವೆ.

ಒಣಗಿಸುವುದರ ಲೆಕ್ಕ ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ. ನೆಲದಿಂದ ಒಂದಡಿ ಎತ್ತರಕ್ಕೆ ಕಲ್ಲು ಜೋಡಿಸಿ, ಹಲಗೆ ಹಲಗೆಯ ನಡುವೆ ಒಂದಂಗುಲದ ಒಣ ಪಟ್ಟಿಗಳನ್ನು ಒಂದರ ನೇರಕ್ಕೆ ಒಂದು ಬರುವಂತೆ ಇಟ್ಟು, ಮೇಲೆ ಭಾರ ಹೇರಿ, ಬಿಸಿಲು ಬೀಳದ ಗಾಳಿಯಾಡುವ ಗೋದಾಮಿನಲ್ಲಿ ಒಟ್ಟಿದೆವು. ಹಲಗೆಯ ಎರಡು ತುದಿಗಳಿಂದ ತೇವ ಬೇಗ ಹೋಗಿ ಸೀಳು ಬಿಡುತ್ತದೆ, ಅಲ್ಲಿಗೆ ದಪ್ಪ ಬಣ್ಣ ಹಚ್ಚಬೇಕು. ಯಂತ್ರದ ಒಲೆಯಲ್ಲಿ ಕೆಲವು ವಾರಗಳಲ್ಲಿ ಒಣಗಿಸುವ ಸೌಕರ್ಯ ನಗರಗಳಲ್ಲಿದೆ. ಮಗ ಅದನ್ನು ಸೂಚಿಸಿದನು. ಹಲಗೆಯೊಳಗೆ ಕಣ್ಣಿಗೆ ಬೀಳದ ಹುಳು ಉಳಿದಿದ್ದರೆ ಒಲೆಯಲ್ಲಿ ಬೇಯುತ್ತದೆ. ಗೋದಾಮಿನಲ್ಲಾದರೆ ಹಾರಿಹೋಗುತ್ತದೆ. ಗಡಿಬಿಡಿ ಯಾರಿಗೂ ಇರಲಿಲ್ಲ.

ಹಲಗೆಗಳು ಒಣಗುತ್ತಿದ್ದಾಗಲೇ, 2023ರ ಜುಲೈಯಲ್ಲಿ, ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಮಹಾವೃಕ್ಷಗಳಲ್ಲಿ ಒಂದು ಮಳೆಗೆ ಉರುಳಿಬಿತ್ತು. ಹುಣಸೆಯೆಂದು ಹೆಸರಾದರೂ ಅದು ಆಫ್ರಿಕಾ ಮೂಲದ ಬಾವೊಬಾಬ್ ಜಾತಿ. ಅದರ ವಯಸ್ಸು ಸಾವಿರಾರು ವರ್ಷವೆಂದು ಜನ ಹೇಳುತ್ತಾರೆ. ಬಿದ್ದ ಸುದ್ದಿ ಕೇಳಿ ಸುತ್ತಲಿನ ತಾಲ್ಲೂಕುಗಳವರೆಲ್ಲ ಮನೆಯ ಹಿರಿಯರು ಬಿದ್ದಂತೆ ನೋಡಲು ಹೋದರು. ಕೆಲವೇ ದಿನಗಳಲ್ಲಿ ಯಂತ್ರಗಳನ್ನು ತರಿಸಿ, ಕೊಂಬೆಗಳನ್ನು ಹಗುರಮಾಡಿ, ಅದೇ ಸ್ಥಳದಲ್ಲಿ ಅದನ್ನು ಎತ್ತಿ ನಿಲ್ಲಿಸಿದರು. ನಾನೂ ಹೋಗಿ ನೋಡಿ ಬಂದೆ. ಜೊತೆಗೆ ಬಂದಿದ್ದ ಬಡಿಗೇರರು ಬೊಡ್ಡೆಯನ್ನು ಮುಟ್ಟಿ, ಇದರ ಕಟ್ಟಿಗೆ ನೀರು ಹೀರುವ ಸ್ಪಂಜಿನಂಥದ್ದು, ಒಂದು ಮಣೆಗೂ ಬಾರದು ಎಂದರು. ಅದಕ್ಕೇ ಇಷ್ಟು ಕಾಲ ಉಳಿದಿರಬಹುದು ಎಂದು ನನಗೆ ಅನಿಸಿತು. ಹಲಗೆಗೆ ಬರುವ ಮರಕ್ಕೆ ಮುಪ್ಪು ಬರುವವರೆಗೆ ನಿಲ್ಲುವ ಭಾಗ್ಯ ಕಡಿಮೆ. ನಮ್ಮ ಮಾವಿಗೆ ಅದು ದೊರೆತಿತ್ತು.

2024ರ ದೀಪಾವಳಿ ಕಳೆದು, ಗಾಳಿ ಒಣಗಿದ ಮೇಲೆ ಕೆಲಸ ಆರಂಭವಾಯಿತು. ಎರಡು ಹಲಗೆಗಳನ್ನು ಕೂಡಿಸಿದ ಕಡೆ, ಒಂದು ಹಳೆಯ ಬಿರುಕು ಮುಂದೆ ಹರಿಯದಂತೆ ಅದರ ಅಡ್ಡಕ್ಕೆ ಡಮರುವಿನಾಕಾರದ ಮೂರು ಕಟ್ಟಿಗೆ ತುಂಡುಗಳನ್ನು ಹುದುಗಿಸಿದರು. ನಕಾಶಿಮಾ ಅವರ ಮೇಜುಗಳಲ್ಲಿ ಪ್ರಸಿದ್ಧವಾದ ಬೆಸುಗೆ ಇದೇ. ಬಡಿಗೇರರಿಗೆ ಆ ಹೆಸರೇ ತಿಳಿಯದು, ಅವರ ತಂದೆ ಬಾಗಿಲ ಹಲಗೆಗೆ ಹಾಗೆ ಮಾಡುತ್ತಿದ್ದರಂತೆ. ಕಾಲುಗಳಿಗೆ ಕಬ್ಬಿಣ ಬೇಡವೆಂದು, ಹಳೆಯ ಮನೆ ಬಿಚ್ಚಿದಾಗ ಉಳಿದಿದ್ದ ಮತ್ತಿಯ ತೊಲೆಯನ್ನು ಬಳಸಿದೆವು. ಅಗಲವಾದ ಹಲಗೆ ಮಳೆಗಾಲದಲ್ಲಿ ಕಾಲು ಅಂಗುಲದಷ್ಟು ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಕಾಲುಗಳಿಗೆ ಬಿಗಿಯಾಗಿ ಸ್ಕ್ರೂ ಹೊಡೆದರೆ ತಾನೇ ಸೀಳಿಕೊಳ್ಳುತ್ತದೆ. ಆದ್ದರಿಂದ ಸ್ಕ್ರೂ ಸರಿದಾಡುವಂತೆ ಉದ್ದನೆಯ ರಂಧ್ರಗಳನ್ನು ಬಿಟ್ಟರು.

ಹೊಳಪಿನ ಮಾತನ್ನು ಶ್ರಾವಕರು ವಿಶೇಷವಾಗಿ ಗಮನಿಸಬೇಕು. ಬಡಗಿಗಳು ಸಾಮಾನ್ಯವಾಗಿ ಹಾಕುವ ಅರಗಿನ ಪಾಲಿಶ್, ಕೊಂಬೆಗಳ ಮೇಲೆ ಒತ್ತಾಗಿ ಕಚ್ಚಿಕೊಂಡು ಬದುಕುವ ಅರಗಿನ ಹುಳುಗಳ ಸ್ರಾವದಿಂದ ಆದದ್ದು. ಕೆರೆದು, ಅರೆದು, ತೊಳೆದು ತೆಗೆಯುವಾಗ ಅವುಗಳ ನಾಶ ಅಪರಿಮಿತ. ಆಶಾಧರರು ಸಾಗಾರಧರ್ಮಾಮೃತದಲ್ಲಿ ಹೇಳುವ 15 ಖರಕರ್ಮಗಳಲ್ಲಿ ವನಜೀವಿಕೆಯ ಜೊತೆಗೆ ಲಾಕ್ಷಾವಾಣಿಜ್ಯವೂ ಸೇರಿದೆ. ವ್ಯಾಪಾರಕ್ಕೆ ವರ್ಜ್ಯವಾದದ್ದು ಊಟದ ಮೇಜಿನ ಮೈಮೇಲೆ ಹೇಗೆ ಬರಬೇಕು? ಜೇನುಮೇಣವೂ ಹಾಗೆಯೇ, ಜೇನನ್ನು ಬಿಟ್ಟವರು ಅದರ ಗೂಡನ್ನು ಉಜ್ಜಿಕೊಳ್ಳುವುದು ಸರಿಯಲ್ಲ. ಚರ್ಮ, ಗೊರಸುಗಳನ್ನು ಬೇಯಿಸಿ ತೆಗೆದ ಹಳೆಯ ಕಾಲದ ಅಂಟು ಈಗ ಅಪರೂಪವಾದರೂ ಕೇಳಿಯೇ ತಿಳಿಯಬೇಕು. ನಾವು ಅಂಟಿಗೆ ಕೃತಕವಾದುದನ್ನೂ ಹೊಳಪಿಗೆ ಅಗಸೆಯೆಣ್ಣೆಯನ್ನೂ ಬಳಸಿದೆವು. ತೆಳ್ಳಗೆ ಹಚ್ಚಿ, ಉಳಿದದ್ದನ್ನು ಒರೆಸಿ, ದಿನಗಟ್ಟಲೆ ಒಣಗಲು ಬಿಟ್ಟು, ಹೀಗೆ ಆರು ಸಲ. ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆದರೆ ಒಳಗೇ ಕಾವು ಹುಟ್ಟಿ ತಾವೇ ಹೊತ್ತಿಕೊಳ್ಳುತ್ತವೆ. ಬಿಡಿಸಿ ಒಣಹಾಕಬೇಕು, ಇಲ್ಲವೇ ನೀರಿನಲ್ಲಿ ನೆನೆಸಬೇಕು.

ಮೇಜು ಏಳೂವರೆ ಅಡಿ ಉದ್ದ, ಮೂರಡಿ ಎರಡಂಗುಲ ಅಗಲ ಬಂತು. ಮಗ ಬಯಸಿದ್ದು ಹತ್ತಡಿ, ಹನ್ನೆರಡು ಜನ ಕೂಡುವಂಥದ್ದು. ಪರಿಗ್ರಹಕ್ಕೆ ನಾವು ಹಾಕಿಕೊಳ್ಳುವ ಪರಿಮಾಣವನ್ನು ಇಲ್ಲಿ ಮರವೇ ಹಾಕಿತು, ಎಂಟು ಜನ ಕೂಡುತ್ತಾರೆ. ಸಾಗಾಟ, ಸೀಳಿಸಿದ ಕೂಲಿ, ಬಡಿಗೇರರ ಮಜೂರಿ, ಎಣ್ಣೆ ಎಲ್ಲ ಸೇರಿ ನಲವತ್ತಾರು ಸಾವಿರ ರೂಪಾಯಿ ಖರ್ಚಾಯಿತು. ಗೋದಾಮಿನ ಬಾಡಿಗೆಯನ್ನು ಇದರಲ್ಲಿ ಹಿಡಿದಿಲ್ಲ. ಮನೆಯವರು ಮೊದಲ ದಿನ ಕುಳಿತು, ಬೇರೇನೂ ಹೇಳದೆ, ಅಂಚಿನ ಒಂದು ತಗ್ಗನ್ನು ಬೆರಳಿನಿಂದ ಸವರಿ, ಇಲ್ಲಿಯೇ ಅಲ್ಲವೇ ಕೊಂಬೆಗೆ ಜೋಕಾಲಿ ಕಟ್ಟುತ್ತಿದ್ದದ್ದು ಎಂದು ಕೇಳಿದರು. ಜೋಕಾಲಿಯ ಕೊಂಬೆ ಅದಕ್ಕಿಂತ ಮೇಲಿತ್ತು. ನಾನು ತಿದ್ದಲು ಹೋಗಲಿಲ್ಲ. ಬೆಂಗಳೂರಿನಿಂದ ಮಗ ಸೊಸೆ ಬಂದಾಗ ಸೂರ್ಯಾಸ್ತಕ್ಕೆ ಮುನ್ನವೇ ಅದರ ಸುತ್ತ ಕೂಡುತ್ತಾರೆ. ಅಲ್ಲಿಗೆ ಹಿಂದಿರುಗಿದ ಮೇಲೆ ಎಷ್ಟು ಹೊತ್ತಿಗೆ ಉಣ್ಣುತ್ತಾರೋ, ನಾನು ಕೇಳುವುದಿಲ್ಲ.

ಉಳಿದ ಹಲಗೆಗಳಲ್ಲಿ ಎರಡು ಇನ್ನೂ ಗೋದಾಮಿನಲ್ಲಿವೆ. ನಮ್ಮ ಬಸದಿಯ ಟ್ರಸ್ಟಿನವರು ಪಾಠಶಾಲೆಯ ಮಕ್ಕಳಿಗೆ ಓದುವ ಮೇಜು ಮಾಡಿಸಲು ಅವನ್ನು ಕೇಳಿದ್ದಾರೆ, ಕೊಡಲು ಒಪ್ಪಿದ್ದೇನೆ. ಮೇಜಿಗೆ ಅರಗಿನ ಪಾಲಿಶ್ ಆದರೆ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ ಎಂದು ಒಬ್ಬ ಸದಸ್ಯರ ಅಭಿಪ್ರಾಯ. ಆ ಠರಾವು ಮುಂದಿನ ಸಭೆಗೆ ಬರುವುದಿದೆ. ಒಂದು ಹಲಗೆ ನಡುವೆ ಇನ್ನೂ ಸ್ವಲ್ಪ ಹಸಿಯಿದೆ, ಇನ್ನೊಂದು ಮಳೆಗಾಲ ಕಳೆಯಲಿ ಎಂದು ಬಡಿಗೇರರು ಹೇಳಿ ಹೋಗಿದ್ದಾರೆ.